ಪೆನ್ಸಿಲಿನ ಸುತ್ತು

ಕಾಗದದ ಮೇಲೆ ಪೆನ್ಸಿಲಿನಿಂದ ಒಂದು ಸುತ್ತು ಎಳೆದೆ,
ಹಳೇ ನಾಲ್ಕಾಣೆಯಷ್ಟು ಅಗಲ.
ನಡುವೆ ಒಂದು ಹನಿ ಬಿಟ್ಟು
ಫ್ಯಾನಿನ ಕೆಳಗೆ ಹಿಡಿದೆ. ಒಣಗಿತು.
ಈಗ ಅಲ್ಲಿ ಏನೂ ಕಾಣುವುದಿಲ್ಲ.
ಸುತ್ತು ಇಲ್ಲದಿದ್ದರೆ ಕಳೆದೇಹೋಯಿತು ಎನ್ನಬೇಕು.

ಆ ಕಾಣದ್ದರಲ್ಲಿ ನೇರಳೆ ಬಣ್ಣ ಕಟ್ಟುವ ವಿದ್ಯೆ ಇದೆ:
ಏಳುನೂರು ಚಿಲ್ಲರೆ ಅಕ್ಷರ,
ವರ್ಣಮಾಲೆ ಮಾತ್ರ ನಾಲ್ಕೇ.
ಮೂಲ ಯಾವುದೋ ಕಡಲಿನ ಹವಳದ್ದಂತೆ.
ಅಲ್ಲಿಂದ ಹಾಸನಕ್ಕೆ, ನಮ್ಮ ಕಾಲೇಜಿನ ಎರಡನೇ ಮಹಡಿಗೆ,
ಎಷ್ಟು ಕೈ ದಾಟಿ ಬಂತೋ.

ನಮ್ಮಲ್ಲಿ ಬಣ್ಣವಿತ್ತು, ಸ್ವಿಚ್ಚಿರಲಿಲ್ಲ.
ಚಿಕ್ಕಮಗಳೂರಿನವರಲ್ಲಿ ಸ್ವಿಚ್ಚಿತ್ತು, ಬಣ್ಣವಿರಲಿಲ್ಲ.
ನಾವು ಆಲೂಗಡ್ಡೆಯ ಅಂಗಮಾರಿಯನ್ನು
ಎಲೆ ಕಪ್ಪಾಗುವ ಮೊದಲೇ ಹಿಡಿಯಹೊರಟವರು,
ಅವರು ಕಾಫಿ ಪಲ್ಪಿಂಗಿನ ಕೊಳಕು ನೀರು
ಕದ್ದು ಹಳ್ಳ ಸೇರುವುದನ್ನು.
ಡಿಸೆಂಬರಿನಲ್ಲಿ ಒಂದೇ ವೇದಿಕೆ, ಎದುರಾಳಿಗಳು.
"ಕೊಡೋದೇನೋ ಕೊಡಣ, ಅದರಲ್ಲೇ ಅವರು ಗೆದ್ದುಬಿಟ್ರೆ?" ಅಂದ ನಂಜೇಶ.
"ಅವರ ಸ್ವಿಚ್ಚು ಬೇಡ್ವಾ ನಿಂಗೆ?" ಅಂದಳು ಜುಬೇದಾ.

ಬೇಕಿತ್ತು.

ಬೇಲೂರಿನ ಮೇಲೆ ಹೋಗುವ ಏಳೂವರೆಯ ಬಸ್ಸು.
ಕಂಡಕ್ಟರ್ ಮರಿಗೌಡರು ಲಕೋಟೆಯನ್ನು ಅಂಗೈಯಲ್ಲಿ ತೂಗಿ
"ಒಳಗೇನವ್ವ?" ಅಂದರು.
"ಬಣ್ಣ."
"ಖಾಲಿ ಇದ್ದಂಗದೆ" ಎನ್ನುತ್ತ
ಟಿಕೆಟ್ ಮೆಷಿನ್ನಿನ ಚೀಲಕ್ಕೆ ತುರುಕಿಕೊಂಡರು.

ಮನೆಯಲ್ಲಿ ಅಮ್ಮ,
"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅಂತ ಗೊತ್ತಿಲ್ವೇನೆ?"
ಹೆಪ್ಪಲ್ಲ ಕಣಮ್ಮ, ಅಂದೆ.
ಅಂದಮೇಲೆ ಯೋಚಿಸಿದೆ.
ಒಂದು ಚಮಚಕ್ಕೆ ಒಂದು ಪಾತ್ರೆ ಹಾಲು,
ಕೊಟ್ಟವರ ಮನೆಯ ಮೊಸರು ಹಾಗೇ ಇರುತ್ತದೆ.
ಹೆಪ್ಪೇ ಇರಬೇಕು.

ಮೂರನೇ ದಿನ ಐರಿನ್ ಪಿಂಟೊ ಫೋನು.
ಅವರ ಐಸ್ ಯಂತ್ರ ಕೆಟ್ಟು ಮೀನು ಮಾರ್ಕೆಟ್ಟಿನಿಂದ ಐಸು ತಂದಳಂತೆ,
ಸುತ್ತನ್ನು ಕತ್ತರಿಸಿ ನೆನೆಸಿ
ಬ್ಯಾಕ್ಟೀರಿಯಾಗಳಿಗೆ ಕುಡಿಸಿ
ನಲವತ್ತೈದು ಸೆಕೆಂಡು ಬಿಸಿ ತಾಗಿಸಿ
ರಾತ್ರಿಯಿಡೀ ಬೆಚ್ಚಗಿಟ್ಟು ಕಾದಳಂತೆ.
ಬೆಳಿಗ್ಗೆ ತಟ್ಟೆಯ ತುಂಬ ಸಾಸಿವೆಯಂಥ ಚುಕ್ಕಿಗಳು.
ಬಿಳಿ. ಎಲ್ಲವೂ ಬಿಳಿ.
ಇನ್ನೊಂದು ಸಲ ಮಾಡಿದರೂ ಬಿಳಿ.

"ಐಸು ಮೀನು ನಾತ ಹೊಡೀತಿತ್ತೇನೋ!" ನಂಜೇಶ ನಕ್ಕ.
"ನಾನು ಹೇಳ್ಲಿಲ್ವಾ" ಅಂದರು ಅಮ್ಮ.
ನಾನು ಸುಮ್ಮನಿದ್ದೆ.

ಯಾಕೆಂದರೆ ಫ್ರಿಜ್ಜಿನಲ್ಲಿ ಇದ್ದದ್ದು ಎರಡು ನಳಿಕೆ.
ಒಂದರ ಬರಹ ಸ್ಪಿರಿಟ್ಟು ತಾಗಿ ಅಳಿಸಿತ್ತು.
ಬಸ್ಸಿಗೆ ಹೊತ್ತಾಗಿತ್ತು,
ಕೈಗೆ ಸಿಕ್ಕಿದ್ದು ಅಳಿಸಿದ್ದೇ.
ಸುತ್ತಿನ ಪಕ್ಕ ಹೆಸರು ಬರೆದೆ, ದುಂಡಗೆ,
ಅನುಮಾನವೇ ಇಲ್ಲದವಳ ಕೈಬರಹದಲ್ಲಿ.

ಐರಿನ್ ಬೈಯಲಿಲ್ಲ. ಅಕ್ಷರ ಓದಿಸಿದಳು.
"ನಾನೂರ ಹನ್ನೆರಡನೆಯದು ಬಿದ್ದುಹೋಗಿದೆ,
ಅಲ್ಲಿಂದ ಮುಂದೆ ಎಲ್ಲ ಮೂರಕ್ಷರವೂ ತಪ್ಪು ಒಡೆದಿದೆ" ಅಂದಳು.
ಆಗ ಹೇಳಿದೆ, ಒಂದೇ ಉಸಿರಿಗೆ, ನಳಿಕೆಯ ವಿಷಯ.
ಆ ಕಡೆ ಸ್ವಲ್ಪ ಹೊತ್ತು ಯಾವುದೋ ಬೈಕಿನ ಸದ್ದು ಮಾತ್ರ.
"ಸರಿಯಾದ್ದು ಕಳಿಸ್ತೀನಿ" ಅಂದೆ.
"ಬೇಡ, ಅರ್ಧ ದಾರಿ ಬಂದಿದೀನಿ.
ಈ ಅಕ್ಷರ ನಾನೇ ಕೂರಿಸ್ತೀನಿ."

ಹದಿನೆಂಟು ದಿನ.
ಮರಿಗೌಡರೇ ತಂದುಕೊಟ್ಟರು. ಅದೂ ಖಾಲಿಯ ಹಾಗೇ ಇತ್ತು.
ಒಳಗೆ ಮೂರು ಸುತ್ತು.
ಒಂದರ ಪಕ್ಕ: ಸ್ವಿಚ್ಚು.
ಒಂದರ ಪಕ್ಕ: ಬಣ್ಣ, ರಿಪೇರಿ ಆದದ್ದು.
ಮೂರನೆಯದರ ಪಕ್ಕ ಸಣ್ಣಗೆ:
ನೀವು ಕಳಿಸಿದ್ದು. ಎಸೆಯಬೇಡಿ.
ನೇರಳೆ ನಿಜವಾಗಿ ನೇರಳೆಯೇ ಎಂದು ನೋಡಲು
ಪಕ್ಕದಲ್ಲೊಂದು ಬಿಳಿ ಬೇಕಾಗುತ್ತದೆ.

ನಮ್ಮ ತಟ್ಟೆ ನೇರಳೆಹಣ್ಣು ತಿಂದ ನಾಲಿಗೆಯಂತೆ ಬಂತು.
ಜುಬೇದಾ ಕೂಗಿದ್ದಕ್ಕೆ ಕೆಳಗಿನ ಮಹಡಿಯ ಮೇಷ್ಟರು ಓಡಿಬಂದರು.
ಯಾದಿಯಲ್ಲಿ ಮಾಡಿದವರು ಯಾರು ಎಂಬಲ್ಲಿ
ಜಾಗ ಸಾಲದೆ ಹೆಸರುಗಳನ್ನು ಒತ್ತಿ ಬರೆದೆವು.
ಷರಾದಲ್ಲಿ ಬರೆದದ್ದು ನಾನೊಬ್ಬಳೇ:
ಮೊದಲ ಸಲ ಹೆಸರು ಅಂದಾಜಿನ ಮೇಲೆ ಹಾಕಿತ್ತು.

ಹೋದ ವಾರ ಅರಸೀಕೆರೆಯ ಹುಡುಗರು ಬಣ್ಣ ಕೇಳಿದರು.
ನಳಿಕೆಯ ಬರಹವನ್ನು ಬೆಳಕಿಗೆ ಹಿಡಿದು
ಎರಡು ಸಲ ಓದಿದೆ.
ಎರಡು ಸುತ್ತು ಎಳೆದೆ, ನೇರಳೆಗೊಂದು, ಬಿಳಿಗೊಂದು.
ಸಂಜೆ ಬಸ್ಸಿತ್ತು.
ಬೆಳಗಿನದಕ್ಕೇ ಕೊಟ್ಟೆ.