ಗೊಂಬೆಯ ಎತ್ತರ

ಗ್ಲೇಸ್ ಬೇಯ ಹಳೇ ಕಾರಿನಂಗಡಿ, ಪುಟ್ಟ ಕ್ರಾಸೋವರ್.
ಮರ್ಡೀನಾ ಬಾನೆಟ್ಟು ಎತ್ತಿಸಲಿಲ್ಲ.
ಸೀಟು ಮುಂದಕ್ಕೆಳೆದು ಕೂತಳು: ಪೆಡಲು ಸಿಕ್ಕಿತು,
ಎದೆಗೂ ಸ್ಟೀರಿಂಗಿಗೂ ನಡುವೆ ಒಂದೇ ಗೇಣು.

"ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ, ನೋಡಿ."
"ಒಳಗೆ ಕೂತಿದ್ದ ಗೊಂಬೆ ಎಷ್ಟೆತ್ತರ?"
ಹನ್ನೆರಡು ವರ್ಷ ಮಾರಿದ್ದೇನೆ,
ಯಾರೂ ಕೇಳಿರಲಿಲ್ಲ.

ಡ್ಯಾಶಿನ ಗೂಡಲ್ಲಿ, ಹಿಂದಿನ ಒಡೆಯನ ಹೆಸರಿಗೆ,
ಕಂಪನಿಯ ಮೂರು ಕಾಗದ. ಅಂಟು ಬಿಚ್ಚಿಲ್ಲ.
ಬೆರಳಲ್ಲೇ ಸೀಳಿ ಓದಿದಳು, ನನಗೆ ಕೇಳುವಂತೆ:
ಬ್ರೇಕಿನ ಕೊಳವೆ. ಸೀಟುಬೆಲ್ಟಿನ ಕೊಂಡಿ.
ಮೂರನೆಯದು ಏರ್‌ಬ್ಯಾಗು, ಉಬ್ಬುವಾಗ
ಲೋಹದ ಚೂರು ಸಿಡಿಯಬಹುದು.

"ಮೂರು ಸಲ ವಾಪಸ್ ಕರೆದಿದ್ದಾರೆ ನಿನ್ನ.
ಕಳಿಸಿಕೊಟ್ಟವರೇ ಇಲ್ಲ,"
ಎಂದಳು ಕಾರಿಗೆ. ನನಗಲ್ಲ.

ಬೆಲೆ ಇಳಿಸಲು ಬಾಯಿ ತೆರೆದೆ; ಬಸ್ಸು ಬಂತು.

ಸಂಜೆ ಅದನ್ನು ಒಳಗಿಡಲು ಕೂತರೆ
ಮೊಣಕಾಲು ಸ್ಟೀರಿಂಗಿಗೆ ತಾಗಿತು.
ಸೀಟು ಹಿಂದೆ ಸರಿಸದೆ, ಹಾಗೇ ಇದ್ದೆ,
ಒಂದಿಷ್ಟು ಹೊತ್ತು.