ಓದಿ ಬಿಟ್ಟದ್ದು

ಎಚ್ಚರಿಕೆ ಅಂದರೆ ತಪ್ಪಲ್ಲ.
ತಪ್ಪಾದರೆ ಕಂಪೈಲರ್ ನಿಂತೇಬಿಡುತ್ತದೆ,
ಹಟ ಹಿಡಿದ ಕತ್ತೆ, ಒಂದು ಹೆಜ್ಜೆ ಇಡದು.
ಎಚ್ಚರಿಕೆ ಹಾಗಲ್ಲ.
ಉಪ್ಪು ಜಾಸ್ತಿಯಾಯಿತೆಂದು ಗೊಣಗುತ್ತ ಗೊಣಗುತ್ತ
ತಟ್ಟೆ ಖಾಲಿ ಮಾಡುವ ಮಾವನ ಹಾಗೆ
ಕೆಲಸ ಮುಗಿಸಿಯೇ ಏಳುತ್ತದೆ.

ಕೌಲ್ ಬಜಾರಿನ ಈ ಮಹಡಿ ಕೋಣೆಯಲ್ಲಿ
ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ.
ಗುಡ್ಡ ಹಗಲೆಲ್ಲ ನುಂಗಿದ ಬಿಸಿಲನ್ನು
ಈಗ ನಿಧಾನಕ್ಕೆ ಊರ ಮೇಲೆ ಉಗುಳುತ್ತಿದೆ.
ಕೆಳಗೆ ಖಾಜಾಸಾಬರ ಜೀನ್ಸ್ ಯೂನಿಟ್ಟು:
ಹದಿನಾರು ಮಶೀನು ಒಟ್ಟಿಗೆ ಓಡಿದರೆ
ನನ್ನ ಲೋಟದ ನೀರು ಬಳೆ ಬಳೆಯಾಗುತ್ತದೆ.
ಮೇಲೆ ನಾನು, ಕೀಲು ಮುರಿದ ಲ್ಯಾಪ್‌ಟಾಪು,
ಮತ್ತು ಇನ್ನೂರ ಹನ್ನೊಂದು ಎಚ್ಚರಿಕೆ.

ಯಾರೋ ನಿದ್ದೆಗೆಟ್ಟು ಬರೆದ ಕರ್ನಲ್ಲು.
ಬೇರೆಯವರು ಹೊಸ ಅಂತಸ್ತು ಎಬ್ಬಿಸುತ್ತಾರೆ,
ನಾನು ಇದ್ದದ್ದರ ಅಂಚು ಸವರುತ್ತೇನೆ, ತೇಪೆ ಕಳಿಸುತ್ತೇನೆ.
ಹೆಸರಿಟ್ಟು ಮರೆತ ವೇರಿಯಬಲ್ಲು, ತೆಗೆದೆ.
ಋಣ ಬಲ್ಲ ಅಂಕಿಯನ್ನು
ಋಣವೆಂದರೇನೆಂದೇ ಗೊತ್ತಿಲ್ಲದ ಅಂಕಿಯ ಜೊತೆ ತೂಗಿದ್ದಾನೆ,
ತಕ್ಕಡಿ ಬದಲಿಸಿದೆ.
ಒಂದು ಕೇಸಿನಿಂದ ಮುಂದಿನದಕ್ಕೆ ಬೀಳುವಲ್ಲಿ
ಬೇಕೆಂದೇ ಬಿದ್ದೆಯೋ, ಕಾಲು ಜಾರಿತೋ?
ಬೇಕೆಂದೇ ಆದರೆ
ಹಾಗಂತ ಒಂದು ಮಾತು ಬರೆದಿಡಬಾರದಿತ್ತೇ, ಪುಣ್ಯಾತ್ಮ.

ಹುಲಿಗೆಮ್ಮ ಮಾಡುವುದೂ ಇದನ್ನೇ.
ಹೊಲಿದು ಬಿದ್ದ ಪ್ಯಾಂಟುಗಳ ನಡುವೆ ಕೂತು
ಉಳಿದ ಎಳೆ ಕತ್ತರಿಸುತ್ತಾಳೆ, ಪೀಸಿಗಿಷ್ಟು.
ಬೆರಳು ನೀಲಿ, ಉಗುರು ನೀಲಿ,
ಆಕೆ ಮುರಿದ ರೊಟ್ಟಿಯ ಅಂಚೂ ನೀಲಿ.
"ರಾತ್ರೆಲ್ಲ ದೀಪ ಹಚ್ಕಂಡು ಏನ್ ಮಾಡ್ತೀಯವ್ವಾ?"
"ಎಳೆ ಕತ್ತರಿಸ್ತೀನಿ" ಅಂದೆ.
ನಕ್ಕಳು. ನಂಬಲಿಲ್ಲ.

ನೂರ ನಲವತ್ತನೆಯದು ಬಲು ಸುಲಭ ಕಂಡಿತು.
ರಿಜಿಸ್ಟರಿನಿಂದ ಒಂದು ಬೆಲೆ ಓದಿ
ಒಂದು ಹೆಸರಿನಲ್ಲಿ ಇಟ್ಟು
ಆಮೇಲೆ ಅತ್ತ ತಿರುಗಿಯೂ ನೋಡಿಲ್ಲ.
ಇಟ್ಟಿದ್ದೀರಿ, ಬಳಸಿಲ್ಲ, ಎಂದಿತು ಕಂಪೈಲರ್.
ಹೌದಲ್ಲ ಎಂದೆ. ಸಾಲು ಪೂರಾ ಅಳಿಸಿದೆ.

ಮೂಲೆಯ ಹಳೇ ಪೆಟ್ಟಿಗೆಗೆ ಹಾಕಿ ಎಬ್ಬಿಸಿದೆ.
ಎದ್ದಿತು,
ನನ್ನ ಮುಖ ನೋಡಿತು ಅನ್ನುವಷ್ಟು ಹೊತ್ತು.
ಆಮೇಲೆ ಫ್ಯಾನು ಗರ್ರೆಂದು ತಿರುಗಿ
ಪರದೆ ಕಲ್ಲಾಯಿತು.

ಎರಡು ಗಂಟೆಯವರೆಗೆ ನನ್ನ ಮೇಲೆ ಬಿಟ್ಟು
ಎಲ್ಲರ ಮೇಲೂ ಅನುಮಾನಪಟ್ಟೆ.
ಕೊನೆಗೆ ಆ ಕಾರ್ಡಿನ ಹಾಳೆ ತೆರೆದಾಗ,
ಮುನ್ನೂರ ಹತ್ತನೆಯ ಪುಟದ ಅಡಿಯಲ್ಲಿ, ಸಣ್ಣಕ್ಷರ:
ಓದಿದೊಡನೆ ಅಳಿಯುತ್ತದೆ.

ಬೆಲೆಗಾಗಿ ಓದಿದ್ದಲ್ಲ ಅದು.
ಕಾರ್ಡು ಕೂಗುತ್ತದೆ. ಯಾರಾದರೂ ಬಂದು
ಒಮ್ಮೆ ಓದಿದರೆ ಸಾಕು, ಸುಮ್ಮನಾಗುತ್ತದೆ.
ಓದದೆ ಹೋದರೆ ಕೂಗುತ್ತಲೇ ಇರುತ್ತದೆ,
ಇಡೀ ಯಂತ್ರ ಕೈಯಲ್ಲಿದ್ದದ್ದನ್ನೆಲ್ಲ ಬಿಟ್ಟು
ಓ ಅನ್ನುತ್ತ, ಓ ಅನ್ನುತ್ತ, ಅಲ್ಲೇ ಸಾಯುವವರೆಗೆ.

ಬೆಳಿಗ್ಗೆ ಒಗ್ಗಾಣಿ ಪೊಟ್ಟಣ ಬಿಚ್ಚುತ್ತ
ಹುಲಿಗೆಮ್ಮನಿಗೆ ಹೇಳಿದೆ, ಯಾಕೋ. ಕಾರ್ಡು ಗೀರ್ಡು ಬಿಟ್ಟು.
ಆಕೆ ಮೆಣಸಿನಕಾಯಿ ಬಜ್ಜಿಯ ತೊಟ್ಟು ಕಿತ್ತು ಅಂದಳು:
"ಸೇರಿದ್ ಹೊಸ್ತಾಗಿ ಒಂದೆಳೆ ಉದ್ದ ಕಾಣಿಸ್ತು, ಸೊಂಟದತ್ರ.
ಎಳದೆ ನೋಡು. ಸರಪಳಿ ಹೊಲಿಗೆ ಅದು.
ಪಟ್ಟಿ ಪೂರಾ ಕೈಗೆ ಬಂತು, ಸುರ್ರಂತ.
ಸಾಬ್ರು ಮೂವತ್ತು ಮುರಕಂಡ್ರು."
ಸ್ವಲ್ಪ ತಡೆದು,
"ಚೆಂದಿತ್ತವ್ವಾ, ಬಿಚ್ಕಂಬೋದು ನೋಡಾಕೆ."

ಸಾಲು ವಾಪಸು ಇಟ್ಟೆ.
ಹೆಸರನ್ನಷ್ಟೇ ತೆಗೆದೆ, ಓದನ್ನು ಉಳಿಸಿದೆ.
ಮೇಲೊಂದು ಟಿಪ್ಪಣಿ:
ಓದಿದರೆ ಸಾಕು, ಬೆಲೆ ಬೇಡ, ಅಳಿಸಬೇಡಿ.
ನನ್ನಂಥವಳೇ ಒಬ್ಬಳು ಇಲ್ಲಿಗೆ ಬರುತ್ತಾಳೆ,
ಇನ್ನಿಪ್ಪತ್ತು ವರ್ಷಕ್ಕೆ, ಕತ್ತರಿ ಹಿಡಿದು.

ರಾತ್ರಿ ಕರೆಂಟು ಹೋಯಿತು.
ಹದಿನಾರು ಮಶೀನು ಒಂದೇ ಉಸಿರಿಗೆ ನಿಂತು
ಲೋಟದ ನೀರು ಸಪಾಟಾಯಿತು.
ಕೆಳಗೆ ಯಾರದೋ ಮೊಬೈಲಿನ ಬೆಳಕು,
ಹುಲಿಗೆಮ್ಮನ ಕತ್ತರಿ: ಕಚ್, ಕಚ್,
ನಡುವೆ ಒಮ್ಮೊಮ್ಮೆ ತಡೆ.
ಎಳೆಯೊಂದು ಎತ್ತಲಿಂದ ಬಂದಿದೆ ಎಂದು ನೋಡುತ್ತಿರಬೇಕು.

ಬ್ಯಾಟರಿ ಒಂಬತ್ತು.
ಎಚ್ಚರಿಕೆ ಎಪ್ಪತ್ತೊಂದು.