ಮೂರು ಅಂದರೆ ಮೂರೇ

ಕಿರುನಾದಲ್ಲಿ ಡಿಸೆಂಬರಿಗೆ ಸೂರ್ಯ ರಜೆ ಹಾಕುತ್ತಾನೆ.
ರಾತ್ರಿ ಯಾವುದು, ರಾತ್ರಿಯಲ್ಲದ್ದು ಯಾವುದು
ಹೇಳುವುದು ಅಡುಗೆಮನೆಯ ಗಡಿಯಾರ ಮಾತ್ರ.
ಮಲಗುವ ಹೊತ್ತು ದಾಟಿ ಬಹಳವಾಯಿತು.
ಮೇಜಿನ ತಲೆಯಲ್ಲಿ ತೂವಾ, ಹನ್ನೊಂದು ವರ್ಷ,
ರಟ್ಟಿನ ಅಡ್ಡತೆರೆಯ ಹಿಂದೆ ಅವಳ ಜಗತ್ತು:
"ಸುರಂಗ ಇಲ್ಲಿ ಎರಡಾಗುತ್ತದೆ. ಎಡಕ್ಕೆ ನೀರಿನ ಸದ್ದು.
ಏನು ಮಾಡುತ್ತೀರಿ?"

ಇದೇ ಪ್ರಶ್ನೆಯನ್ನು ಇದೇ ಮೇಜಿನಲ್ಲಿ
ಎಂಬತ್ತೈದರಲ್ಲಿ ನಾನು ಕೇಳುತ್ತಿದ್ದೆ,
ಎದುರು ಮನೆಯ ಓಲ್ವಿಗೆ, ತೊದಲುವ ಸಿಕ್ಸ್ತೆನ್‌ಗೆ.
ಅವನ ಮಂತ್ರವಾದಿ ಮಾತ್ರ ಒಮ್ಮೆಯೂ ತೊದಲಲಿಲ್ಲ.
ಅಪ್ಪ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚುತ್ತ,
"ಮುಗಿದಿಲ್ಲವೇ ನಿಮ್ಮ ದೆವ್ವದಾಟ?" ಎಂದು ಒಳಗೆ ಹೋಗುತ್ತಿದ್ದ.

ಈಗ ಅಪ್ಪನೇ ವೇಷ ಕಟ್ಟಿ ಕೂತಿದ್ದಾನೆ, ಎಪ್ಪತ್ತೊಂಬತ್ತು.
ಮೂವತ್ತು ವರ್ಷ ಬಂಡೆ ಕೊರೆದ ಕೈ;
ಚಳಿಗೆ ಬೆರಳು ಬಿಳಿಚಿ ಸೀಸದ ಕಡ್ಡಿಯೂ ನಿಲ್ಲುವುದಿಲ್ಲ.
ಆಟದಲ್ಲಿ ಅವನು ಕಳ್ಳ.
ಮಲಗಿದ ರಾಜನ ಉಂಗುರವನ್ನು
ಕನಸು ಕದಡದಂತೆ ಕಳಚಬಲ್ಲ ಬೆರಳು.
ಅಂಥ ಬೆರಳನ್ನು ಅವನೇ ಆರಿಸಿಕೊಂಡ. ನಾವು ಏನೂ ಹೇಳಲಿಲ್ಲ.

ನನ್ನ ಪಾತ್ರದ ಹಾಳೆ ಹಳೆಯದು,
ಲೆಕ್ಕದ ನೋಟುಬುಕ್ಕಿನಿಂದ ಹರಿದದ್ದು.
ಪ್ರಾಣದ ಅಂಕ ಬರೆದು ಅಳಿಸಿ, ಬರೆದು ಅಳಿಸಿ
ಆ ಜಾಗದಲ್ಲೀಗ ತೂತು.
ಸತ್ತಿಲ್ಲ. ತೂತಿನ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ.

ಸುರಂಗ ಕುಸಿಯಿತು ಎಂದಳು ತೂವಾ.
ನಾವೆಲ್ಲ ಹೊರಗೆ. ದೊಂದಿ ಹಿಡಿವ ಕೂಲಿಯಾಳು ಒಳಗೆ,
ಹೆಸರೂ ಇಲ್ಲದವನು, ಎರಡು ಬೆಳ್ಳಿಗೆ ಗೊತ್ತು ಮಾಡಿದವನು.
ನಿಜ ಹೇಳಬೇಕೆಂದರೆ, ನಾನು ಮುಂದಿನ ದಾರಿ ನೋಡುತ್ತಿದ್ದೆ.
"ನಾನು ಒಳಗೆ ಹೋಗುತ್ತೇನೆ" ಎಂದ ಅಪ್ಪ.
"ಅಜ್ಜಾ, ಹದಿನೆಂಟಾದರೂ ಬೀಳಬೇಕು."
"ಹೋಗುತ್ತೇನೆ."

ಇಪ್ಪತ್ತು ಮುಖದ ದಾಳ ಅವನ ಅಂಗೈಯಲ್ಲಿ ತಾನೇ ಅಲುಗಿತು,
ಬೇರೆಯವರಂತೆ ಕುಲುಕಬೇಕಿಲ್ಲ.
ಮೂರು.
ತೂವಾ ಬಾಯಿ ತೆರೆಯುವಷ್ಟರಲ್ಲಿ
ಗಣಿಯ ಒಂದೂವರೆಯ ಸ್ಫೋಟ
ನೆಲದಡಿಯಿಂದ ಎದ್ದು ಬಂತು. ಕಪ್ಪು ಬಸಿ ಗಲಗಲ ಅಂದವು,
ದಾಳ ಒಂದು ಮಗ್ಗುಲು ಹೊರಳಿತು.
ಹತ್ತೊಂಬತ್ತು.

"ಬಿತ್ತು!" ಎಂದು ಎದ್ದೇ ನಿಂತಳು ತೂವಾ,
"ಬೆಟ್ಟವೇ ಕೊಟ್ಟಿತು ಅಜ್ಜಾ, ತಗೋ!"
ನಾನೂ ತಲೆಯಾಡಿಸಿದೆ. ನಿಯಮದ ಪುಸ್ತಕದಲ್ಲಿ ಇದಕ್ಕೆ ಪುಟವಿಲ್ಲ.
ಅಪ್ಪ ಎರಡೂ ಕೈಯಿಂದ ದಾಳವನ್ನು
ಹಿಂದಿನ ಮಗ್ಗುಲಿಗೆ ಹೊರಳಿಸಿ ಇಟ್ಟ.
"ಮೂರು ಅಂದರೆ ಮೂರೇ.
ಬೆಟ್ಟ ಕೊಡುವುದಿಲ್ಲ, ಮಗೂ."

ಆಮೇಲೆ ಹೇಳಿದ. ನನಗಲ್ಲ, ಅವಳಿಗೆ.
ಎಪ್ಪತ್ತಮೂರರ ಚಳಿಗಾಲ. ಈನೋ ಎಂಬವನು,
ಬುತ್ತಿಯಲ್ಲಿ ಯಾವಾಗಲೂ ಒಂದು ರೊಟ್ಟಿ ಹೆಚ್ಚಿಗೆ ತರುತ್ತಿದ್ದವನು.
ಮೇಸ್ತ್ರಿ ತನ್ನ ತೋಳು ಹಿಡಿದು ಹಿಂದಕ್ಕೆ ಎಳೆದದ್ದು.
ಒಳಗಿನಿಂದ ಬಡಿಯುವ ಸದ್ದು ಎಷ್ಟು ಹೊತ್ತು ಕೇಳಿಸಿತು ಎಂಬುದು.
ಐವತ್ತು ವರ್ಷ ಈ ಮನೆಯಲ್ಲಿ ಆ ಹೆಸರಿಗೆ ಕುರ್ಚಿ ಇರಲಿಲ್ಲ.
ಅಮ್ಮನಿಗೆ ಗೊತ್ತಿತ್ತೋ ಏನೋ; ಕೇಳೋಣವೆಂದರೆ ಅವಳಿಲ್ಲ.

ತೂವಾ ಅಳಲಿಲ್ಲ. ಸೀಸದ ಕಡ್ಡಿ ಹುಡುಕಿ
ಕೂಲಿಯಾಳಿನ ಚೀಟಿಯಲ್ಲಿ, ಹೆಸರಿನ ಖಾಲಿ ಗೆರೆಯ ಮೇಲೆ
ನಿಧಾನಕ್ಕೆ ಬರೆದಳು: ಈನೋ.
ಮತ್ತೆ ತೆರೆಯ ಹಿಂದಿನ ಆ ದನಿ, ಚೂರೂ ಕನಿಕರ ಬೆರೆಸದೆ:
"ಮೂರು. ಕಲ್ಲು ಸರಿಯಲಿಲ್ಲ.
ಒಳಗಿನಿಂದ ಈನೋ ಬಡಿಯುತ್ತಿದ್ದಾನೆ.
ಏನು ಮಾಡುತ್ತೀರಿ?"

ಅಪ್ಪ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.
ಬಿಳಿಚಿದ ಬೆರಳ ಗೆಣ್ಣಿನಿಂದ ಮೇಜಿನ ಹಲಗೆಗೆ
ಮೂರು ಸಲ ಬಡಿದ.
ನಾನು ಕಾಫಿಗೆ ನೀರಿಟ್ಟೆ.